ಕಾವಲಿಯ ತಳ ನೋಡುವ ಕೆಲಸ

ಮಾಲೂರಿನ ಎರಕದ ಕಾರ್ಖಾನೆಯಲ್ಲಿ ನಾನು ಮಾಡಿದ ಕೆಲಸಕ್ಕೆ ಸರಿಯಾದ ಹೆಸರಿರಲಿಲ್ಲ. ಮೊದಲ ವರ್ಷಗಳಲ್ಲಿ ಸಂಬಳದ ಚೀಟಿಯಲ್ಲಿ ‘ಹೆಲ್ಪರ್’ ಎಂದಿತ್ತು, ಕೊನೆಯ ವರ್ಷಗಳಲ್ಲಿ ‘ಸ್ಟಾಫ್’ ಎಂದಾಯಿತು. ನಡುವೆ ಬದಲಾದದ್ದು ಇಷ್ಟೇ. ಮೊದಲು ಕಾವಲಿಯ ತಳವನ್ನು ಅರ ಹಾಕಿ ಉಜ್ಜುತ್ತಿದ್ದೆ, ಆಮೇಲೆ ಅದೇ ತಳವನ್ನು ಕನ್ನಡಕ ಹಾಕಿಕೊಂಡು ನೋಡುತ್ತಿದ್ದೆ.

ನಾನು ನಿವೃತ್ತಳಾದ ಮೇಲೆ, ಮುಳಬಾಗಿಲಿನಲ್ಲಿರುವ ನಮ್ಮ ಕಾರ್ಖಾನೆಯ ಮಾರಾಟದ ಅಂಗಡಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಫೋನು ಮಾಡಿದಳು. “ಆಂಟಿ, ಜನ ಮನೇಲಿರೋ ಹಳೇ ಕಾವಲಿ ತಂದು, ಇದು ಯಾವ ಕಾಲದ್ದು, ಯಾರು ಮಾಡಿದ್ದು ಹೇಳಿ ಅಂತಾರೆ. ನಾನೇನ್ ಹೇಳ್ಲಿ?” ಎಂದಳು.

“ತಿರುಗಿಸಿ ನೋಡಮ್ಮ” ಎಂದೆ.

“ನೋಡ್ದೆ ಆಂಟಿ. ಕಪ್ಪಗಿದೆ” ಎಂದಳು.

ಆದ್ದರಿಂದ ಇದನ್ನು ಬರೆಯಬೇಕಾಯಿತು.

ಬೀಡು ಎಂದರೆ ಕರಗಿಸಿ ಮರಳಿನ ಅಚ್ಚಿಗೆ ಹೊಯ್ದ ಕಬ್ಬಿಣ. ಕಮ್ಮಾರರು ಕಾಯಿಸಿ ಬಡಿದು ಮಾಡುವ ಕಬ್ಬಿಣ ಬೇರೆ. ಬೀಡನ್ನು ಬಡಿದರೆ ಒಡೆಯುತ್ತದೆ. ಹಿತ್ತಾಳೆ ಬಿಂದಿಗೆಯ ಮೇಲೆ, ಸ್ಟೀಲ್ ತಟ್ಟೆಯ ಮೇಲೆ ಹೆಸರು ಹೊಡೆಸಿದ ಹಾಗೆ ಬೀಡಿನ ಕಾವಲಿಯ ಮೇಲೆ ಹೊಡೆಸಲಾಗುವುದಿಲ್ಲ. ಉಳಿ ಇಟ್ಟು ಹೊಡೆದರೆ ಹೆಸರೂ ಇಲ್ಲ, ಕಾವಲಿಯೂ ಇಲ್ಲ. ಹಾಗಾಗಿ ಮನೆಯಲ್ಲಿರುವ ಎಲ್ಲ ಪಾತ್ರೆಗೂ ಯಾರ ಮದುವೆಯಲ್ಲಿ ಯಾರು ಕೊಟ್ಟದ್ದು ಎಂಬ ಬರಹ ಇರುತ್ತದೆ, ದಿನಾ ಬಳಸುವ ದೋಸೆ ಕಾವಲಿಗೆ ಮಾತ್ರ ಇರುವುದಿಲ್ಲ. ಅದರ ಮೇಲಿರುವುದೆಲ್ಲ ಮಾಡಿದವರ ಗುರುತು ಮತ್ತು ಬಳಸಿದವರ ಗುರುತು. ಎರಡನ್ನೂ ಬೇರೆ ಮಾಡಿ ಓದುವುದೇ ಕೆಲಸ.

ನಾನು ಸೇರಿದಾಗ ಕಾರ್ಖಾನೆಗೆ ಕಾಂಪೌಂಡು ಕೂಡ ಇರಲಿಲ್ಲ. ಒಂದು ಶೀಟಿನ ಕೊಟ್ಟಿಗೆ, ಒಂದು ಕುಲುಮೆ, ಮರಳಿನ ರಾಶಿ, ಊಟಕ್ಕೆ ಕೂರಲು ಒಂದು ಹೊಂಗೆ ಮರ. ಗಂಡಸರು ಮರದ ಮಾದರಿಯನ್ನು ಮರಳಿನಲ್ಲಿ ಒತ್ತಿ ಅಚ್ಚು ಮಾಡಿ, ಅದಕ್ಕೆ ಬೀಡು ಹೊಯ್ಯುತ್ತಿದ್ದರು. ಆರಿದ ಮೇಲೆ ಮರಳು ಕೊಡವಿ, ಅಂಚಿನಲ್ಲಿ ಉಳಿದ ಮುಳ್ಳುಗಳನ್ನು ಅರದಿಂದ ಉಜ್ಜಿ ತೆಗೆಯುವುದು ನಾವು ಹೆಂಗಸರ ಕೆಲಸ. ಕೈಗೆ ಗವಸು ಕೊಡುವ ಪದ್ಧತಿ ಇರಲಿಲ್ಲ. ಗಾಯವಾದರೆ ಮೇಸ್ತ್ರಿ ಮುನಿಸ್ವಾಮಪ್ಪನವರು ಬಂದು ಮೊದಲು ಕಾವಲಿಯ ಮೇಲೆ ರಕ್ತ ಬಿದ್ದಿದೆಯೇ ಎಂದು ನೋಡಿ, ಅದನ್ನು ಒರೆಸಿ, ಆಮೇಲೆ ನಮ್ಮ ಕೈ ನೋಡುತ್ತಿದ್ದರು.

ಮುನಿಸ್ವಾಮಪ್ಪನವರು ಬೈಯುವುದಾದರೆ ಕನ್ನಡದಲ್ಲಿ ಬೈಯುತ್ತಿದ್ದರು, ಕಲಿಸುವುದಾದರೆ ತೆಲುಗಿನಲ್ಲಿ ಕಲಿಸುತ್ತಿದ್ದರು. “ತಿರಗೇಸಿ ಚೂಡಮ್ಮಾ” ಎನ್ನುವುದು, ಅಂದರೆ ತಿರುಗಿಸಿ ನೋಡು ಎನ್ನುವುದು, ಅವರ ಪಾಠದ ಮೊದಲ ಮಾತು. ಎಷ್ಟೋ ದಿನ ಅದೇ ಕೊನೆಯ ಮಾತೂ ಆಗಿತ್ತು. ನಾವಾಗಿಯೇ ನೋಡಿ ನೋಡಿ ಕಲಿತೆವು. ಬಲು ಹಳೆಯ ಕಾವಲಿಯಾದರೆ ತಳದ ನಡುವೆ ಒಂದು ಉದ್ದ ಗಾಯದ ಗುರುತಿರುತ್ತದೆ, ಏಕೆಂದರೆ ಆಗ ಬೀಡನ್ನು ನೇರ ತಳದ ಮೇಲೆಯೇ ಹೊಯ್ಯುತ್ತಿದ್ದರು. ಆಮೇಲಿನದಾದರೆ ಗಾಯ ಅಂಚಿಗೆ ಬಂದಿರುತ್ತದೆ. ಹಿಡಿಯ ಕೆಳಗೆ ಅಂಕಿ ಇದ್ದರೆ ಅದು ಅಳತೆ. ಚುಕ್ಕೆ ಇದ್ದರೆ ಅದು ಯಾವ ಮಾದರಿಯಿಂದ ಬಂದದ್ದು ಎನ್ನುವುದಕ್ಕೆ. ಇನ್ನು ಅರದ ಗೀರುಗಳು ಉಜ್ಜಿದವಳ ಗುರುತು. ಒಬ್ಬೊಬ್ಬಳ ಕೈ ಒಂದೊಂದು ಥರ ಓಡುತ್ತದೆ. ಅಂಚು ಸರಿಯಾಗಿಲ್ಲ ಎಂದು ಯಾವುದಾದರೂ ಕಾವಲಿ ವಾಪಸು ಬಂದರೆ, ಮೇಸ್ತ್ರಿ ಅದನ್ನು ಒಂದು ಸಲ ನೋಡಿ ನೇರ ಅವಳ ಮುಂದೆಯೇ ಇಡುತ್ತಿದ್ದರು. ಕನ್ನಡ ಶುರುವಾಗುತ್ತಿತ್ತು.

ಅವರೇ ಒಂದು ಸಲ ಎಡವಿದ್ದೂ ಇದೆ. ಕೋಲಾರದ ಒಂದು ಹೋಟೆಲಿನವರು, ತಮ್ಮ ಕಾವಲಿಗಳು ಬೇರೆಯವರ ಕಾವಲಿಯೊಂದಿಗೆ ಸೇರದಿರಲೆಂದು, ಹಿಡಿಯ ಮೇಲೆ ‘ಮ’ ಎಂಬ ಅಕ್ಷರ ಬೇಕೆಂದರು. ಮಾದರಿಯಲ್ಲಿ ಕೆತ್ತಲು ಬಡಗಿ ಬರಬೇಕು, ಬಡಗಿ ತಿರುಪತಿಗೆ ಹೋಗಿದ್ದ. ಮೇಸ್ತ್ರಿ ಒಂದು ಮೊಳೆ ತೆಗೆದುಕೊಂಡು ಮರಳಿನ ಅಚ್ಚಿನಲ್ಲಿಯೇ ದುಂಡಗೆ ‘ಮ’ ಬರೆದರು. ಮರಳಿನಲ್ಲಿ ಬರೆದದ್ದು ಕಬ್ಬಿಣದಲ್ಲಿ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬರುತ್ತದೆ. ಇದು ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಮೇಸ್ತ್ರಿಗೂ ಗೊತ್ತಿತ್ತು. ಬರೆಯುವಾಗ ಯಾರಿಗೂ ನೆನಪಾಗಲಿಲ್ಲ. ಹೋಟೆಲಿನವರು ನೋಡಿ, ಇದು ನಮ್ಮ ಅಕ್ಷರವಲ್ಲ ಎಂದು ಹಿಂದಕ್ಕೆ ಕಳಿಸಿದರು. ಅದು ಯಾರ ಅಕ್ಷರವೂ ಆಗಿರಲಿಲ್ಲ.

ಆ ಕಾವಲಿಗಳನ್ನು ಶ್ರೀನಿವಾಸಪುರದ ಸಂತೆಗೆ ಕಳಿಸಿದೆವು. ಒಂದೇ ಸಂತೆಯಲ್ಲಿ ಖಾಲಿಯಾದವು. ಮುಂದಿನ ವಾರ ಜನ ಬಂದು, “ಆ ಮಲಯಾಳಿ ಅಕ್ಷರದ ಕಾವಲಿ ಇದೆಯಾ? ಕೇರಳದ ಮಾಲು ಗಟ್ಟಿ” ಎಂದು ಕೇಳಿದರಂತೆ. ನಮ್ಮ ಕಾರ್ಖಾನೆಯ ಸಾಹುಕಾರರು ಇನ್ನಷ್ಟು ಮಾಡಿ ಎಂದರು. ಈ ಸಲ ಮೇಸ್ತ್ರಿ ಎಚ್ಚರವಹಿಸಿ ಮರಳಿನಲ್ಲಿ ತಿರುಗಿಸಿ ಬರೆದರು. ಕಾವಲಿಯ ಮೇಲೆ ಮುತ್ತಿನಂಥ ‘ಮ’ ಬಂತು. ಒಂದೂ ಮಾರಾಟವಾಗಲಿಲ್ಲ.

ಈಗ ಅಚ್ಚು ಒತ್ತುವುದು ಯಂತ್ರ, ಉಜ್ಜುವುದು ಯಂತ್ರ. ಯಾರ ಕೈಯ ಗೀರೂ ಉಳಿಯುವುದಿಲ್ಲ. ಕಾರ್ಖಾನೆಯಲ್ಲಿಯೇ ಎಣ್ಣೆ ಸವರಿ ಸುಟ್ಟು ಪಳಗಿಸಿ, ಒಂದು ಸ್ಟಿಕ್ಕರ್ ಅಂಟಿಸಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತಾರೆ. ಕೆಲಸ ಹಗುರವಾಗಿದೆ, ಬೆರಳುಗಳು ಉಳಿದಿವೆ, ಒಳ್ಳೆಯದೇ. ಆದರೆ ಗುರುತೆಲ್ಲ ಸ್ಟಿಕ್ಕರಿನಲ್ಲಿದೆ, ಅದು ಮೊದಲ ಬಿಸಿಗೇ ಸುಟ್ಟು ಹೋಗುತ್ತದೆ. ಈಗಿನ ಕಾವಲಿಯನ್ನು ಮೊಮ್ಮಕ್ಕಳ ಕಾಲದಲ್ಲಿ ಯಾರಾದರೂ ತಂದು ತೋರಿಸಿದರೆ, ಕಪ್ಪಗಿದೆ ಎಂದು ಹೇಳುವುದೇ ಸರಿಯಾದ ಉತ್ತರವಾಗುತ್ತದೆ.

ಬೆನ್ನು ನೋವು ಶುರುವಾದ ಮೇಲೆ ನನ್ನನ್ನು ಮುಳಬಾಗಿಲಿನ ಅಂಗಡಿಗೆ ಹಾಕಿದರು. ಹಳೆಯ ಬೀಡಿನ ಪಾತ್ರೆ ಕೊಟ್ಟರೆ ಹೊಸ ಕಾವಲಿಯ ಬೆಲೆಯಲ್ಲಿ ರಿಯಾಯಿತಿ ಕೊಡುವ ಯೋಜನೆ ಆಗ ಶುರುವಾಗಿತ್ತು. ಬಂದದ್ದು ಬೀಡೇ ಹೌದೇ, ಯಾವ ಕಾರ್ಖಾನೆಯದು, ಕರಗಿಸಲು ಯೋಗ್ಯವೇ ಎಂದು ಗುರುತು ನೋಡಿ ಹೇಳುವುದು ನನ್ನ ಕೆಲಸ. ಮ್ಯಾನೇಜರ್ ಉತ್ಸಾಹದ ಮನುಷ್ಯ. ‘ಹಳೇ ಕಬ್ಬಿಣ ತನ್ನಿ, ಹೊಸ ಕಾವಲಿ ಒಯ್ಯಿರಿ’ ಎಂದು ಬೋರ್ಡು ಬರೆಸಿದರು. ಮೊದಲ ದಿನ ಕಿಟಕಿ ಸರಳು, ನೇಗಿಲ ಗುಳ, ಗಾಡಿ ಚಕ್ರದ ಪಟ್ಟಿ, ಇನ್ನೂ ಮಣ್ಣು ಒಣಗಿರದ ಒಂದು ಬೋರ್‌ವೆಲ್ ಪೈಪು ಬಂದವು. ಪೈಪಿನ ಹಿಂದೆಯೇ ಅದರ ಯಜಮಾನರೂ ಬಂದರು. ಮಾರನೆಯ ದಿನ ‘ಕಬ್ಬಿಣ’ ಎಂಬುದನ್ನು ಅಳಿಸಿ ‘ಬೀಡು’ ಎಂದು ಬರೆಸಿದರು. ಆವತ್ತು ಒಬ್ಬರೇ ಬಂದದ್ದು. ಒಂದು ಕಟ್ಟು ಬೀಡಿ ಕೊಡಿ ಎಂದರು.

ಜನರಿಗೆ ನಿಧಾನಕ್ಕೆ ರೂಢಿಯಾಯಿತು. ಆಮೇಲೆ ಒಂದೊಂದೇ ಪ್ರಕರಣ. ಶ್ರೀನಿವಾಸಪುರದ ಮಾವಿನ ಮಂಡಿಯವರೊಬ್ಬರು ತಮ್ಮ ಅಜ್ಜನ ಕಾಲದ ಕಾವಲಿ ಎಂದು ಕಾರಿನಲ್ಲಿ ತಂದರು. ಹಿಡಿಯ ಕೆಳಗೆ ‘೧೦’ ಎಂದಿತ್ತು. “ಸಾವಿರದ ಒಂಬೈನೂರ ಹತ್ತನೇ ಇಸವಿ, ಅಲ್ವೇನಮ್ಮ?” ಎಂದರು.

“ಹತ್ತು ಇಂಚು ಸಾರ್” ಎಂದೆ.

ಅವರು ಅದನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದರು. “ನೀವು ಹೊಸಬರಾ?” ಎಂದು ಕೇಳಿದರು. ಆಮೇಲೆ ಬೇರೆ ಯಾವುದೋ ಅಂಗಡಿಯಲ್ಲಿ ತೋರಿಸಿದರಂತೆ, ಅಲ್ಲಿಯವರು ಇಸವಿ ಎಂದೇ ಒಪ್ಪಿಕೊಂಡರಂತೆ. ಅದು ಈಗ ಅವರ ಮನೆಯ ಹಜಾರದಲ್ಲಿ ಗೋಡೆಗೆ ತೂಗುಹಾಕಿದೆ ಎಂದು ಕೇಳಿದ್ದೇನೆ.

ಇನ್ನೊಂದು ದಿನ ಬೆಳಿಗ್ಗೆ ಒಬ್ಬ ಸೊಸೆ ಬಂದು ಮನೆಯ ಗುಂತಪೊಂಗನಾಲು ಕಾವಲಿ, ಎಂದರೆ ಪಡ್ಡು ಮಾಡುವ ಗುಳಿಗಳ ಕಾವಲಿ, ಕೊಟ್ಟು ಹೊಸ ದೋಸೆ ಕಾವಲಿ ಒಯ್ದಳು. ಮಧ್ಯಾಹ್ನ ಅತ್ತೆ ಬಂದರು. “ನಮ್ದು ನಮಗೆ ಕೊಡಿ” ಎಂದರು. ಕೊಟ್ಟೆವು. “ಹಾಗಾದ್ರೆ ಹೊಸದನ್ನ ತಂದುಕೊಡ್ತೀರಲ್ಲ?” ಎಂದು ಮ್ಯಾನೇಜರ್ ಕೇಳಿದರು. ಅತ್ತೆ ಯೋಚಿಸಿದರು. “ಅದು ಸೊಸೆ ವ್ಯವಹಾರ, ನಾನು ತಲೆ ಹಾಕಲ್ಲ” ಎಂದು ಹೊರಟುಹೋದರು. ಅಂದಿನಿಂದ, ಬಂದ ಪಾತ್ರೆಯನ್ನು ತಕ್ಷಣ ಒಡೆಯದೆ ಒಂದು ವಾರ ಹಾಗೇ ಇಡುವ ನಿಯಮವನ್ನು ನಾನೇ ಮಾಡಿದೆ. ಈಗ ಅಂಗಡಿಯಲ್ಲಿರುವ ನೀವು ಅದನ್ನು ಮುಂದುವರಿಸಿ.

ಇಷ್ಟು ಹೇಳಿದ ಮೇಲೆ ಯಲ್ದೂರಿನ ಪಿಳ್ಳಮ್ಮನವರ ವಿಷಯ ಹೇಳಬೇಕು. ಅದು ನನ್ನ ಕೆಲಸದ ಕೊನೆಯ ವರ್ಷ.

ಪಿಳ್ಳಮ್ಮನವರು ನನಗಿಂತ ಸ್ವಲ್ಪ ದೊಡ್ಡವರು, ಗಟ್ಟಿ ದನಿ, ಮಾತಿಗೆ ಮುಂಚೆ ಕೈ ಮುಂದೆ ಬರುವಂಥವರು. ಟವಲಿನಲ್ಲಿ ಸುತ್ತಿದ ಒಂದು ದೋಸೆ ಕಾವಲಿಯನ್ನು ನನ್ನ ಮೇಜಿನ ಮೇಲಿಟ್ಟು, “ಇದು ಬದಲಾಯಿಸೋಕಲ್ಲ. ಇದು ಹಳೇದು ಅಂತ ನಿಮ್ಮ ಬಾಯಲ್ಲಿ ಬರ್ಬೇಕು, ಅಷ್ಟೇ” ಎಂದರು.

ವಿಷಯ ಹೀಗಿತ್ತು. ಅವರ ತವರು ಹೋಳೂರು. ಅಮ್ಮನ ಹತ್ತಿರ ಅಜ್ಜಿಯ ಕಾಲದಿಂದ ಬಂದ ಒಂದು ಕಾವಲಿ ಇತ್ತು. ಹೆಣ್ಣುಮಕ್ಕಳಿಬ್ಬರೂ ಅದರ ಮೇಲೆ ಹೊಯ್ದ ದೋಸೆ ತಿಂದೇ ಬೆಳೆದದ್ದು. ಅಮ್ಮ ಸಾಯುವ ಮುಂಚೆ ಅದನ್ನು ಪಿಳ್ಳಮ್ಮನವರಿಗೆ ಕೊಟ್ಟು, ‘ಇದು ನಿನಗೆ. ತಂಗಿಗೆ ಹೇಳಬೇಡ, ಅವಳಿಗೆ ಬೇರೆ ಏನೋ ಕೊಟ್ಟಿದ್ದೀನಿ’ ಎಂದಿದ್ದರಂತೆ. ಅಮ್ಮ ತೀರಿಕೊಂಡ ಮೇಲೆ ತಂಗಿ ರತ್ನಮ್ಮನ ಮನೆಗೆ ಬೈರಕೂರಿಗೆ ಹೋದರೆ, ಅವಳು ಒಂದು ಕಾವಲಿಯ ಮೇಲೆ ದೋಸೆ ಹೊಯ್ಯುತ್ತಾ, ‘ಅಕ್ಕಾ, ಇದು ನಮ್ಮಜ್ಜಿ ಕಾವಲಿ’ ಎಂದಳಂತೆ. ಪಿಳ್ಳಮ್ಮನವರು ದೋಸೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದರು. ಆಮೇಲೆ ವರ್ಷಗಟ್ಟಲೆ ಮಾತಿಲ್ಲ.

“ಜಮೀನು ಹಂಚಿಕೊಂಡ್ವಿ, ಒಂದು ಮಾತು ಬರ್ಲಿಲ್ಲ” ಎಂದರು ಪಿಳ್ಳಮ್ಮ. “ಬಂಗಾರ ಹಂಚಿಕೊಂಡ್ವಿ. ಇದೊಂದಕ್ಕೆ ಸುಳ್ಳು ಹೇಳ್ತಾಳಲ್ಲಮ್ಮಾ! ಈಗ ಅವಳ ಮಗಳ ಮದುವೆ. ಕರೆಯೋಕೆ ಬಂದಿದ್ಲು. ‘ಮೊದ್ಲು ನಿನ್ನ ಹತ್ರ ಇರೋದು ಅಜ್ಜಿ ಕಾವಲಿ ಅಲ್ಲ ಅಂತ ಒಪ್ಕೋ, ಆಮೇಲೆ ಕುಂಕುಮ ಕೊಡು’ ಅಂದೆ. ಪತ್ರಿಕೆ ಇಟ್ಟು ಎದ್ದು ಹೋದ್ಲು.”

“ಮದುವೆಗೆ ಹೋಗಲ್ವಾ?”

“ಹುಡುಗಿ ಹುಟ್ಟಿದಾಗ ಮೊದ್ಲು ಎತ್ತಿಕೊಂಡೋಳು ನಾನು” ಎಂದರು. ಅದು ಉತ್ತರ ಎಂದು ಅವರಿಗನಿಸಿತ್ತು. ಆಮೇಲೆ ಕಾವಲಿಯ ಅಂಚು ತೋರಿಸಿದರು. “ನೋಡಿ, ಇಲ್ಲಿ ಚೂರು ಹಾರಿದೆ. ನಾನು ಚಿಕ್ಕೋಳಿದ್ದಾಗ್ಲಿಂದ ನೋಡಿದ್ದೀನಿ. ಇದಕ್ಕಿಂತ ಸಾಕ್ಷಿ ಬೇಕಾ?”

ನಾನು ಕಾವಲಿಯನ್ನು ಬೋರಲು ಹಾಕಿದೆ. ಹಾಕಿದ ತಕ್ಷಣ, ಹಾಕಬಾರದಿತ್ತು ಎನ್ನಿಸಿತು.

ತಳದಲ್ಲಿ ಕೂದಲೆಳೆಯಷ್ಟು ದಪ್ಪದ ಒಂದು ಉಬ್ಬು ಗೆರೆ ಇತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಬೇಸಿಗೆಗೆ ಮರದ ಮಾದರಿ ಸೀಳಿತ್ತು. ಬಡಗಿ ಆ ಸೀಳಿಗೆ ಮೇಣ ತುಂಬಿದ, ಮೇಣ ಸ್ವಲ್ಪ ಮೇಲೆದ್ದು ನಿಂತಿತು. ಹೊಸ ಮಾದರಿ ಬರುವವರೆಗೆ ಕೆಲವೇ ದಿನ ಹೊಯ್ದ ಕಾವಲಿಗಳ ತಳದಲ್ಲೆಲ್ಲ ಈ ಗೆರೆ ಬಂದಿದೆ. ತಳ ತಾನೇ, ಬೆಂಕಿಗೆ ಹೋಗುವುದು, ಬಿಡಿ ಎಂದು ಮೇಸ್ತ್ರಿ ಹಾಗೇ ಬಿಟ್ಟಿದ್ದರು. ಇದು ಸಾಲದು ಎಂಬಂತೆ ಅಂಚಿನ ಅರದ ಗೀರುಗಳು ಎಡಕ್ಕೆ ವಾಲಿದ್ದವು. ಆ ಕಾಲದಲ್ಲಿ ಉಜ್ಜುತ್ತಿದ್ದ ಹೆಂಗಸರಲ್ಲಿ ಎಡಗೈಯವಳು ನಾನೊಬ್ಬಳೇ.

ಅಂದರೆ ಪಿಳ್ಳಮ್ಮನವರ ಅಜ್ಜಿಯ ಕಾವಲಿಯನ್ನು ಉಜ್ಜಿದವಳು ನಾನು.

ಇದನ್ನು ಅವರಿಗೆ ಹೇಳಲಿಲ್ಲ. “ಇನ್ನೊಂದನ್ನೂ ನೋಡದೆ ಹೇಳೋಕಾಗಲ್ಲಮ್ಮ” ಎಂದೆ.

“ಅವಳ ಮುಖ ನೋಡಲ್ಲ ನಾನು.”

“ಮುಖ ಬೇಡ. ಕಾವಲಿ ಸಾಕು” ಎಂದೆ.

ಅವರು ಕಾವಲಿಯನ್ನು ನನ್ನಲ್ಲಿಯೇ ಬಿಟ್ಟು ಹೋದರು. ನಾನು ಮುನಿಸ್ವಾಮಪ್ಪನವರಿಗೆ ಫೋನು ಮಾಡಿದೆ. ಅವರು ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು, ಕಿವಿ ಮಂದವಾಗಿತ್ತು. ಎಲ್ಲವನ್ನೂ ಕೂಗಿ ಹೇಳಬೇಕಾಯಿತು. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳೂ ಕುಳಿತು ಕೇಳಿದರು. ಕೊನೆಗೆ ಮೇಸ್ತ್ರಿ ಹೇಳಿದರು: “ಕಬ್ಬಿಣದ ವಿಷಯ ಕೇಳಿದ್ರೆ ಕಬ್ಬಿಣದ ವಿಷಯ ಹೇಳು. ಸಂಸಾರದ ವಿಷಯ ಕೇಳಿದ್ರೆ ಟೀ ತರಿಸು.” ಕನ್ನಡದಲ್ಲೇ ಹೇಳಿದರು. ನಾನು ಏನು ತಪ್ಪು ಮಾಡಿದೆ ಎಂದು ತಿಳಿಯಲಿಲ್ಲ.

ಅಕ್ಕ ತಂಗಿ ಇಬ್ಬರಿಗೂ ಹೇಳಿ ಕಳಿಸಿದೆ. ಮುಂದಿನ ವಾರ ಮೊದಲು ರತ್ನಮ್ಮ ಬಂದರು. ಒಂದು ಕೈಚೀಲದಲ್ಲಿ ಮದುವೆ ಪತ್ರಿಕೆಗಳು, ಇನ್ನೊಂದರಲ್ಲಿ ಕಾವಲಿ. ಮೆತ್ತಗಿನ ಹೆಂಗಸು. ಅಕ್ಕ ಇನ್ನೂ ಬಂದಿಲ್ಲ ಎಂದು ಖಾತ್ರಿ ಮಾಡಿಕೊಂಡು ನನ್ನ ಹತ್ತಿರ ಬಗ್ಗಿ ಹೇಳಿದರು: “ನೋಡಕ್ಕಾ, ಅಮ್ಮ ತನ್ನ ಕೈಯಾರೆ ನಂಗೆ ಕೊಟ್ಟ ಪೆನಂ ಇದು. ‘ನಿಜವಾದದ್ದು ನಿಂಗೇ, ಅಕ್ಕಂಗೆ ಹೇಳ್ಬೇಡ’ ಅಂದಿದ್ಲು. ಆದ್ರೂ ನೀವು ಅಕ್ಕಂದೇ ನಿಜ ಅಂತ ಹೇಳ್ಬಿಡಿ. ಅವಳು ಮದುವೆಗೆ ಬಂದ್ರೆ ಸಾಕು ನಂಗೆ.”

ಬೈರಕೂರಿನ ಕಡೆ ಕಾವಲಿಯನ್ನು ತೆಲುಗಿನಂತೆ ಪೆನಂ ಎನ್ನುತ್ತಾರೆ. ನಾನು ಅವರ ಪೆನಂ ತಿರುಗಿಸಿದೆ. ಅದೇ ಗೆರೆ. ಅದೇ ಎಡಕ್ಕೆ ವಾಲಿದ ಗೀರು. ಮತ್ತು ಅಂಚಿನಲ್ಲಿ, ಹಿಡಿಯಿಂದ ಅಷ್ಟೇ ದೂರದಲ್ಲಿ, ಅದೇ ಹಾರಿದ ಚೂರು.

ಆ ಚೂರನ್ನು ನಾನು ಭೂತಗನ್ನಡಿ ಹಿಡಿದು ನೋಡಿದೆ. ಬೀಡು ತಾನಾಗಿ ಮುರಿದರೆ ಅಂಚು ಒರಟೊರಟಾಗಿ, ಮುರಿದ ಬೆಲ್ಲದ ಉಂಡೆಯಂತೆ ಕಾಣುತ್ತದೆ. ಎಷ್ಟು ವರ್ಷ ಬಳಸಿದರೂ ಅದು ಪೂರ್ತಿ ಹೋಗುವುದಿಲ್ಲ. ಇದು ಬಟ್ಟಲಿನ ಅಂಚಿನಂತೆ ನುಣ್ಣಗಿತ್ತು. ಅಕ್ಕನ ಕಾವಲಿಯದನ್ನೂ ನೋಡಿದೆ. ಅದೂ ನುಣ್ಣಗೆ. ಯಾರೋ ಕುಳಿತು, ಕಲ್ಲಿನ ಮೇಲೆ ಉಜ್ಜಿ ಉಜ್ಜಿ, ಎರಡಕ್ಕೂ ಒಂದೇ ಜಾಗದಲ್ಲಿ ಚೂರು ಹಾರಿಸಿದ್ದರು. ಬೀಡನ್ನು ಕಲ್ಲಿನಲ್ಲಿ ಉಜ್ಜುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಅರ ಹಿಡಿದೇ ನಮಗೆ ತೋಳು ಬಿದ್ದು ಹೋಗುತ್ತಿತ್ತು.

ಅಷ್ಟರಲ್ಲಿ ಪಿಳ್ಳಮ್ಮ ಬಂದರು. ಅಕ್ಕ ತಂಗಿ ಬೆಂಚಿನ ಎರಡು ತುದಿಯಲ್ಲಿ ಕುಳಿತರು. ಮಧ್ಯದ ಜಾಗದಲ್ಲಿ ಒಬ್ಬ ಗಿರಾಕಿ ಕೂರಲು ಹೋದ, ಇಬ್ಬರ ಮುಖ ನೋಡಿ ನಿಂತೇ ಇದ್ದ. ನಾನು ಟೀ ತರಿಸಿದೆ.

ರತ್ನಮ್ಮ ಕೇಳಿಕೊಂಡಂತೆ ಸುಳ್ಳು ಹೇಳುವುದೆಂದು ನಿರ್ಧರಿಸಿದ್ದೆ. ಒಂದು ಮದುವೆ ನಡೆಯಬೇಕು, ಹುಡುಗಿಯ ದೊಡ್ಡಮ್ಮ ಬರಬೇಕು, ಕಾವಲಿಗೆ ಇದರಿಂದ ನೋವಾಗುವುದಿಲ್ಲ. “ನೋಡಿ ಪಿಳ್ಳಮ್ಮ, ನಿಮ್ಮದು...” ಎಂದು ಶುರು ಮಾಡಿದೆ.

“ತಡೀರಿ” ಎಂದರು ಅವರು. ಎದ್ದು ಬಂದು ಮೇಜಿನ ಮೇಲೆ ಬೋರಲು ಬಿದ್ದಿದ್ದ ಎರಡೂ ಕಾವಲಿಗಳ ಮೇಲೆ ಒಂದೊಂದು ಅಂಗೈ ಇಟ್ಟರು. ಬೆರಳು ಓಡಾಡಿಸಿದರು. “ಇದೇನು ಗೆರೆ? ಎರಡರಲ್ಲೂ ಇದೆಯಲ್ಲ.” ಬೆರಳು ಅಂಚಿಗೆ ಹೋಯಿತು, ಒಂದು ಚೂರು ಸಿಕ್ಕಿತು. ಇನ್ನೊಂದು ಕೈಯ ಬೆರಳೂ ಅಂಚಿಗೆ ಹೋಯಿತು, ಇನ್ನೊಂದು ಚೂರು ಸಿಕ್ಕಿತು. ಅವರು ನನ್ನ ಮುಖ ನೋಡಿದರು. “ನಿಜ ಹೇಳಮ್ಮಾ. ನಮ್ಮಮ್ಮ ನಂಗೆ ಮೋಸ ಮಾಡಿದ್ಲಾ, ಇಲ್ವಾ? ಅದೊಂದು ಗೊತ್ತಾದ್ರೆ ಸಾಕು.”

ಕೇಳಿದ್ದು ಸಂಸಾರದ ವಿಷಯವೇ. ಆದರೆ ಟೀ ಆಗಲೇ ಮುಗಿದಿತ್ತು. ನಾನು ಕಬ್ಬಿಣದ ವಿಷಯ ಹೇಳಿದೆ. ಸೀಳಿದ ಮಾದರಿ, ಮೇಣ, ನನ್ನ ಎಡಗೈ. ಎರಡೂ ಮಾಲೂರಿನಲ್ಲಿ, ಹೆಚ್ಚುಕಡಿಮೆ ಒಂದೇ ವಾರ ಹೊಯ್ದವು. ಆಗ ಕಾರ್ಖಾನೆ ಶುರುವಾಗಿ ಹೆಚ್ಚು ದಿನ ಆಗಿರಲಿಲ್ಲ, ನನ್ನ ದೊಡ್ಡ ಮಗ ಇನ್ನೂ ಅಂಬೆಗಾಲಿಡುತ್ತಿದ್ದ.

ಪಿಳ್ಳಮ್ಮ ಲೆಕ್ಕ ಹಾಕಿದರು. “ಆಗ ನಂಗೆ ಎರಡು ಮಕ್ಕಳಾಗಿದ್ವು” ಎಂದರು ನಿಧಾನವಾಗಿ. “ಇವಳ ಮದುವೆನೂ ಆಗಿತ್ತು.”

“ಹೌದು.”

“ಹಾಗಾದ್ರೆ ಇದು?”

“ಅಜ್ಜಿ ಕಾವಲಿ ಅಲ್ಲ.”

“ಅವಳದು?”

“ಅದೂ ಅಲ್ಲ.”

ನಿಂತಿದ್ದ ಗಿರಾಕಿ ತಾನು ಬಂದ ಕೆಲಸ ಮರೆತು ಮೆಲ್ಲಗೆ ಬೆಂಚಿನ ಮಧ್ಯದಲ್ಲಿ ಕುಳಿತ. ಪಿಳ್ಳಮ್ಮನವರು ನಿಂತೇ ಇದ್ದರು. ಮುಖದಲ್ಲಿ ಕೋಪವಿರಲಿಲ್ಲ. ಮೆಟ್ಟಿಲು ಇದೆ ಎಂದುಕೊಂಡು ಕಾಲಿಟ್ಟು, ಅಲ್ಲಿ ಮೆಟ್ಟಿಲಿಲ್ಲದಿದ್ದರೆ ಮುಖ ಹೇಗಾಗುತ್ತದೋ ಹಾಗಿತ್ತು. ನಾನು ಹೇಳಬಾರದಿತ್ತು ಎನ್ನಿಸಿತು. ಒಂದು ಮದುವೆ ಕೆಟ್ಟಿತು, ಸತ್ತ ತಾಯಿಯೊಬ್ಬಳ ಹೆಸರೂ ಕೆಟ್ಟಿತು ಎಂದುಕೊಂಡೆ.

ಮೊದಲು ಮಾತಾಡಿದ್ದು ರತ್ನಮ್ಮ. “ಅಕ್ಕಾ” ಎಂದರು. ಎಷ್ಟೋ ವರ್ಷದ ಮೇಲೆ ಕರೆದದ್ದು. “ನನ್ನ ಮೊದಲ್ನೇ ಬಾಣಂತನಕ್ಕೆ ಬಂದಾಗ ಅಮ್ಮ ಅಲ್ಯೂಮಿನಿಯಂ ತವಾ ಮೇಲೆ ದೋಸೆ ಹಾಕ್ತಿದ್ಲು. ಅಂಟ್ಕೋತಿತ್ತು. ಅಜ್ಜಿ ಪೆನಂ ಎಲ್ಲಿ ಅಂದ್ರೆ, ಪಕ್ಕದ ಮನೆಯೋರು ಇಸ್ಕೊಂಡು ಹೋಗಿದ್ದಾರೆ ಅಂದ್ಲು.”

“ನಂಗೆ ತೋಟದ ಮನೇಲಿದೆ ಅಂದಿದ್ಲು” ಎಂದರು ಪಿಳ್ಳಮ್ಮ. “ಹಬ್ಬಕ್ಕೆ ಬಂದಾಗ.”

“ತೋಟದಲ್ಲಿ ಮನೆ ಎಲ್ಲಿತ್ತಕ್ಕಾ?”

“ಅದೇ ನಾನೂ ಯೋಚ್ನೆ ಮಾಡ್ತಿದ್ದೀನಿ ಕಣೇ.”

ಪಿಳ್ಳಮ್ಮ ಬೆಂಚಿನ ಕಡೆ ಬಂದರು. ಗಿರಾಕಿ ಮತ್ತೆ ಎದ್ದ. ಅಕ್ಕ ತಂಗಿ ಪಕ್ಕಪಕ್ಕ ಕುಳಿತರು.

“ಒಡೆದು ಹಾಕಿದ್ದಾಳೆ” ಎಂದರು ಪಿಳ್ಳಮ್ಮ. “ಕಾದ ಕಾವಲಿ ಮೇಲೆ ನೀರು ಸುರಿಯೋ ಚಾಳಿ ಅವಳಿಗೆ. ಬೇಡ ಬೇಡ ಅಂತ ಬಡ್ಕೋತಿದ್ದೆ.” ಹೌದೇ ಎಂಬಂತೆ ನನ್ನ ಕಡೆ ನೋಡಿದರು. ಕಾದ ಬೀಡಿನ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ ಎಂದೆ. “ನೋಡಿದ್ಯಾ! ಒಡೆದು ಹಾಕಿ, ಮಾಲೂರಿಂದ ಎರಡು ತರಿಸಿ, ಕೂತ್ಕೊಂಡು ಕಲ್ಲಿಗೆ ಉಜ್ಜಿದ್ದಾಳೆ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕೋಕೆ ಪುರುಸೊತ್ತಿಲ್ಲ ಅಂತಿದ್ಲಲ್ಲೇ, ಇದಕ್ಕೆ ಪುರುಸೊತ್ತು ಎಲ್ಲಿಂದ ಬಂತು?”

“ಎರಡನ್ನೂ ಒಂದೇ ಸಮ ಪಳಗಿಸಿದ್ದಾಳೆ ಅಕ್ಕಾ. ನೋಡು. ಒಂದು ದಿನ ಇದು, ಒಂದು ದಿನ ಅದು ಹಾಕಿರ್ಬೇಕು.”

ಅದು ನಿಜ. ನಾನೂ ಗಮನಿಸಿದ್ದೆ. ಎರಡರ ಮೇಲ್ಮೈಯೂ ಕನ್ನಡಿಯಂತಿತ್ತು. ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಬೆರಳಿಗೆ ತಿಳಿಯುತ್ತಿರಲಿಲ್ಲ. ಹಾಗೆ ಆಗಬೇಕಾದರೆ ವರ್ಷಾನುಗಟ್ಟಲೆ ತಪ್ಪದೆ ನಡೆಸಬೇಕು. ಇದನ್ನು ನಾನು ಹೇಳಿದೆ. ಹೇಳಿದ್ದರಿಂದ ಅವರಿಗೆ ಇನ್ನಷ್ಟು ಸಿಟ್ಟು ಬಂತು.

“ಎಂಥಾ ಕಳ್ಳಿ!” ಎಂದರು ಪಿಳ್ಳಮ್ಮ. ಕಣ್ಣಿನಲ್ಲಿ ನೀರು ತುಂಬಿತ್ತು, ಅದನ್ನು ಒರೆಸಿಕೊಳ್ಳದೆ ಬೈದರು. “ಒಡೆದೋಯ್ತು ಕಣ್ರೇ ಅಂತ ಒಂದು ಮಾತು ಹೇಳಿದ್ರೆ ನಾವೇನು ಹೊಡೀತಿದ್ವಾ?”

“ನೀನು ಬೈತಿದ್ದೆ” ಎಂದರು ರತ್ನಮ್ಮ.

“ಬೈತಿದ್ದೆ. ಒಂದು ದಿನ ಬೈತಿದ್ದೆ. ಅಮ್ಮನಿಂದ ನಾನು ನಿನ್ನ ಇಷ್ಟು ವರ್ಷ ಬೈದೆ.”

ಒಳಗಿನಿಂದ ಬಂದ ಮ್ಯಾನೇಜರ್, “ಏನಾಯ್ತು ಸರೋಜಮ್ಮ? ಕೊನೆಗೆ ಯಾರದು ನಿಜ?” ಎಂದು ಕೇಳಿದರು. “ಎರಡೂ ನಮ್ಮದೇ ಸಾರ್” ಎಂದೆ. ಅವರಿಗೆ ಸಂತೋಷವಾಯಿತು.

ಸಂಜೆಯಾಗುತ್ತಾ ಬಂದಿತ್ತು. ರತ್ನಮ್ಮ ಎರಡೂ ಕಾವಲಿಗಳನ್ನು ಒಂದೇ ಚೀಲಕ್ಕೆ ಹಾಕಿದರು. ಯಾವುದು ಯಾರದು ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೂ ಆಮೇಲೆ ಹೇಳಲು ನನಗೆ ಬರುತ್ತಿರಲಿಲ್ಲ. ಪಿಳ್ಳಮ್ಮ ಯಲ್ದೂರಿಗೆ ಫೋನು ಮಾಡಿ, ರಾತ್ರಿ ಊಟಕ್ಕೆ ಕಾಯಬೇಡಿ, ಮದುವೆ ಮನೆಯಲ್ಲಿ ಕೆಲಸ ಬಹಳ ಇದೆ ಎಂದರು. ಮದುವೆ ಇನ್ನೂ ಮೂರು ವಾರ ಇತ್ತು. ಅದು ಚೆನ್ನಾಗಿಯೇ ನಡೆಯಿತು. ನಾನೂ ಹೋಗಿದ್ದೆ, ಕಾವಲಿ ನೋಡಿ ಹೇಳುವ ಅಕ್ಕ ಎಂದು ಬೀಗರಿಗೆಲ್ಲ ಪರಿಚಯ ಮಾಡಿಸಿದರು.

ಆದರೆ ನನಗೆ ಹೆಚ್ಚು ನೆನಪಿರುವುದು ಆ ಸಂಜೆ. ಬಸ್ ನಿಲ್ದಾಣ ಅಂಗಡಿಯ ಎದುರಿಗೇ. ಚೀಲ ಭಾರವಿತ್ತು, ಒಂದು ಹಿಡಿಯನ್ನು ನಾನು ಹಿಡಿದುಕೊಂಡು ಬೈರಕೂರಿನ ಬಸ್ಸಿನವರೆಗೂ ಹೋದೆ. ಅಕ್ಕ ತಂಗಿ ಮುಂದಿನ ಸೀಟಿನಲ್ಲಿ ಕುಳಿತರು. ಬೈಗುಳ ನಿಂತಿರಲಿಲ್ಲ. ಅಕ್ಕ ಒಂದು ಸುಳ್ಳು ನೆನಪಿಸಿದರೆ ತಂಗಿ ಇನ್ನೊಂದು ನೆನಪಿಸುತ್ತಿದ್ದರು. ಸುಗ್ಗಿಯಲ್ಲಿ ಹೇಳಿದ ಸುಳ್ಳು, ಮಾವನ ಎದುರಿಗೆ ಹೇಳಿದ ಸುಳ್ಳು, ಕರಿಮಣಿ ಸರದ ಸುಳ್ಳು. ಬಸ್ಸಿನ ಅರ್ಧ ಜನ ಆ ಕಡೆಯೇ ತಿರುಗಿದ್ದರು. ನಾನು ಕಿಟಕಿಯ ಕೆಳಗೆ ನಿಂತಿದ್ದೆ.

ಕಂಡಕ್ಟರ್ ಟಿಕೆಟ್ ಕೊಡಲು ಬಂದ. “ಏನಕ್ಕಾ, ಯಾರನ್ನ ಹಿಂಗೆ ಬೈತಿದ್ದೀರಿ?” ಎಂದ.

“ನಮ್ಮಮ್ಮನ್ನ” ಎಂದರು ಇಬ್ಬರೂ.

ಆತ ಬಾಗಿಲಿನಿಂದ ಬಗ್ಗಿ ನಿಲ್ದಾಣದ ಕಡೆ ಒಮ್ಮೆ ನೋಡಿದ. “ಅವ್ರೂ ಬರ್ಬೇಕಾ? ಒಂದೆರಡು ನಿಮಿಷ ನಿಲ್ಲಿಸ್ಲಾ?” ಎಂದು ಕೇಳಿದ.

ಪಿಳ್ಳಮ್ಮ ತೊಡೆಯ ಮೇಲಿದ್ದ ಚೀಲವನ್ನು ಸ್ವಲ್ಪ ಸರಿಮಾಡಿಕೊಂಡರು.

“ಇಲ್ಲಪ್ಪಾ” ಎಂದರು. “ಅವಳು ಬರಲ್ಲ. ನೀನು ರೈಟ್ ಹೇಳು.”